ಟೌನ್‌ಹಾಲ್ ಕಥೆ 1910ಕ್ಕೆ ಮುಗಿಯಲಿಲ್ಲ

ಇಂಗ್ಲೆಂಡಿನ ಕುಂಬಾರಿಕೆ ಪಟ್ಟಣ ಬರ್ಸ್ಲೆಮ್‌ನ ಹಳೆಯ ಟೌನ್‌ಹಾಲ್ ಕುರಿತ ಲೇಖನ ಓದಿದೆ. 1910ರಲ್ಲಿ ಆರು ಪಟ್ಟಣಗಳು ಸೇರಿ ಸ್ಟೋಕ್-ಆನ್-ಟ್ರೆಂಟ್ ಆದಾಗಲೇ ಅದರ ಚರಿತ್ರೆ ಮುಗಿಯಿತು, ಉಳಿದದ್ದು ಬರೀ ಖರ್ಚಿನ ಬಾಬತ್ತು ಎಂಬುದು ಲೇಖಕರ ವಾದ. ಒಪ್ಪಲು ಸಾಧ್ಯವಿಲ್ಲ.

ಅಧಿಕಾರ ಹೋದ ಮೇಲೆ ಕಟ್ಟಡಕ್ಕೇನು ಅರ್ಥ ಎಂದು ಕೇಳುವವರು ಇಸವಿಗಳನ್ನಾದರೂ ನೋಡಬೇಕಿತ್ತು. ಕಟ್ಟಡ ಮುಗಿದದ್ದು 1857ರಲ್ಲಿ. ಬರ್ಸ್ಲೆಮ್‌ಗೆ ಪುರಸಭೆಯ ಸ್ಥಾನಮಾನ ದಕ್ಕಿದ್ದು 1878ರಲ್ಲಿ. ಆ ಪಟ್ಟ ಸಿಗುವುದಕ್ಕೆ 21 ವರ್ಷ ಮೊದಲೇ ಊರು ತನಗೊಂದು ಟೌನ್‌ಹಾಲ್ ಕಟ್ಟಿಕೊಂಡಿತ್ತು! ಪಿಂಗಾಣಿ ಗೂಡುಗಳ ಕಲ್ಲಿದ್ದಲ ಹೊಗೆಯಲ್ಲಿ ಮಸಿ ಹಿಡಿದಿದ್ದ ಜನ, ಗೋಪುರದ ತುದಿಗೆ ಚಿನ್ನದ ಲೇಪದ ರೆಕ್ಕೆಯ ದೇವತೆಯನ್ನು ಏರಿಸಿದರು. ಅರ್ನಾಲ್ಡ್ ಬೆನೆಟ್ ಅದನ್ನು ತಮ್ಮ ಕಾದಂಬರಿಗಳ ‘ಬರ್ಸ್ಲಿ’ ಊರಿಗೂ ಕೊಂಡೊಯ್ದರು.

2003ರಲ್ಲಿ ಈ ಕಟ್ಟಡದಲ್ಲಿ ತೆರೆದ ‘ಸೆರಾಮಿಕಾ’ ವಸ್ತುಸಂಗ್ರಹಾಲಯ 2011ರಲ್ಲಿ ಮುಚ್ಚಿದ್ದನ್ನು ಲೇಖಕರು ಪುರಾವೆಯಾಗಿ ಮುಂದಿಡುತ್ತಾರೆ. ಒಂದು ಸಂಸ್ಥೆ ಉಳಿಯದಿದ್ದರೆ ಗೋಡೆಗಳನ್ನು ದೂರುವುದು ಯಾವ ನ್ಯಾಯ? ಊರ ನಡುವಿನ ಇಂಥ ಕಟ್ಟಡಕ್ಕೆ ಬೇಕಾದದ್ದು ದಿನನಿತ್ಯದ ಬಳಕೆ, ಸೋರದ ಮಾಡು, ವರ್ಷವರ್ಷವೂ ದುರಸ್ತಿಗೆ ಹಣ. ಕೊಡಲು ಮನಸ್ಸಿಲ್ಲದಿದ್ದರೆ ಹಾಗೆಂದೇ ಹೇಳಲಿ. ಚರಿತ್ರೆ ಮುಗಿಯಿತೆಂಬ ನೆಪ ಬೇಡ.