ಆರೋಗ್ಯ ಅಂಕಣ: ನೋವಿಲ್ಲದ ರಕ್ತವನ್ನು ಕಡೆಗಣಿಸಬೇಡಿ



ಮನೆಯ ಹಿರಿಯರಿಗೆ ಮೂತ್ರ ಕೆಂಪಗೆ ಹೋದರೆ ನಮ್ಮವರು ಹೇಳುವುದು ಒಂದೇ ಮಾತು: "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ." ಪಕ್ಕದ ಮನೆಯ ಗುಜರಾತಿಗಳು "ಪಥರಿ ಹಶೇ" ಎನ್ನುತ್ತಾರೆ. ಕೊಯಾಲಿಯ ಬಿಸಿಲಿನಲ್ಲಿ ದುಡಿಯುವವರಿಗೆ ಮೂತ್ರದ ಕಲ್ಲು ಅಪರೂಪವೇನಲ್ಲ. ಆದರೆ ಕಲ್ಲು ಸಾಮಾನ್ಯವಾಗಿ ನೋವು ಕೊಡುತ್ತದೆ. ನೋವೇ ಇಲ್ಲದೆ ರಕ್ತ ಕಂಡರೆ, ಅದು ಒಂದೇ ದಿನ ಕಂಡು ನಿಂತರೂ, ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡದ ಕ್ಯಾನ್ಸರ್ ಹೀಗೂ ಕಾಣಿಸಿಕೊಳ್ಳಬಹುದು.

ಮೂತ್ರಪಿಂಡಗಳು ಹೊಟ್ಟೆಯ ಹಿಂಭಾಗದಲ್ಲಿ ಆಳವಾಗಿ ಅಡಗಿವೆ. ಅಲ್ಲಿ ಬೆಳೆಯುವ ಗಡ್ಡೆ ಬಹುಕಾಲ ಸುಳಿವು ಕೊಡುವುದಿಲ್ಲ. ಮೂತ್ರದಲ್ಲಿ ರಕ್ತ, ಪಕ್ಕೆನೋವು, ಕೈಗೆ ಸಿಗುವ ಗಡ್ಡೆ ಎಂಬ ಮೂರು ಲಕ್ಷಣಗಳನ್ನು ಹಳೆಯ ಪಠ್ಯಗಳು ಹೇಳುತ್ತವೆ. ಈ ಮೂರೂ ಒಟ್ಟಿಗೆ ಇರುವುದು ಇಂದು ನೂರಕ್ಕೆ ಹತ್ತು ಮಂದಿಯಲ್ಲೂ ಇಲ್ಲ; ಇದ್ದರೆ ರೋಗ ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಈಗ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳು ಬೇರೆ ಕಾರಣಕ್ಕೆ ಮಾಡಿಸಿದ ಸೋನೋಗ್ರಫಿಯಲ್ಲಿ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಸಿಗುತ್ತವೆ.

ವೈದ್ಯರು ರೋಗಿಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡುತ್ತಾರೆ: ಲಕ್ಷಣವೇ ಇಲ್ಲದವರು, ರಕ್ತ, ಪಕ್ಕೆನೋವಿನಂಥ ಸ್ಥಳೀಯ ಲಕ್ಷಣದವರು, ತೂಕ ಇಳಿಕೆ, ಬಿಡದ ಜ್ವರ, ರಕ್ತಹೀನತೆಯಂತೆ ಇಡೀ ದೇಹಕ್ಕೆ ತಟ್ಟಿದವರು. ಗುಣವಾಗುವ ಸಾಧ್ಯತೆ ಇದೇ ಕ್ರಮದಲ್ಲಿ ಇಳಿಯುತ್ತದೆ. ಅಮೆರಿಕದ ಲೆಕ್ಕದಂತೆ ಗಡ್ಡೆ ಮೂತ್ರಪಿಂಡದೊಳಗೇ ಇದ್ದಾಗ ಪತ್ತೆಯಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ 5 ವರ್ಷ ದಾಟುತ್ತಾರೆ. ಶ್ವಾಸಕೋಶ, ಮೂಳೆಗಳಿಗೆ ಹರಡಿದ ಮೇಲಾದರೆ ಹತ್ತಕ್ಕೆ ಸುಮಾರು ಇಬ್ಬರು.

ಹಾಗೆಂದು ಲಕ್ಷಣ ಕಂಡವರು ಎದೆಗುಂದಬೇಕಿಲ್ಲ. ರಕ್ತ ಕಂಡ ಅನೇಕರಲ್ಲಿ ಗಡ್ಡೆ ಇನ್ನೂ ಮೂತ್ರಪಿಂಡದೊಳಗೇ ಇರುತ್ತದೆ. ಚಿಕ್ಕದಾದರೆ ಗಡ್ಡೆಯನ್ನಷ್ಟೇ ತೆಗೆದು ಉಳಿದ ಭಾಗ ಉಳಿಸಬಹುದು. ಮೂತ್ರದಲ್ಲಿ ರಕ್ತ ಬರಲು ಸೋಂಕಿನಂಥ ಸಾಮಾನ್ಯ ಕಾರಣಗಳೂ ಇವೆ. ಪರೀಕ್ಷಿಸದೆ ತಿಳಿಯುವುದಿಲ್ಲ, ಅಷ್ಟೆ.

ಇಲ್ಲಿ ನಿಮ್ಮ ಪಾತ್ರ ದೊಡ್ಡದು. "ಮಕ್ಕಳಿಗೇಕೆ ತೊಂದರೆ" ಎಂದು ಅಪ್ಪ ಅಮ್ಮ ಇಂಥ ವಿಷಯ ಮುಚ್ಚಿಡುತ್ತಾರೆ. ಸಂಕೋಚಪಡದೆ ನೀವೇ ಕೇಳಿ. ಅವರಿಗೆ ನೋವು ಹೇಳಿಕೊಳ್ಳಲು ಕನ್ನಡವೇ ಬೇಕು. ನಿಮಗೆ ಗುಜರಾತಿ ನೀರು ಕುಡಿದಷ್ಟು ಸುಲಭ. ಜೊತೆಗೆ ಹೋಗಿ, ಮೂತ್ರ ಪರೀಕ್ಷೆ, ಸೋನೋಗ್ರಫಿ ಮಾಡಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ನಡಿಯಾದ್‌ನಲ್ಲಿ 1978ರಿಂದ ಮೂಳಜೀಭಾಯಿ ಪಟೇಲ್ ಯುರಾಲಜಿ ಆಸ್ಪತ್ರೆ, ಅಹಮದಾಬಾದಿನಲ್ಲಿ 1972ರಿಂದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವೆ.

ನೀವೂ ಬೀಡಿ ಸಿಗರೇಟಿನಿಂದ ದೂರವಿರಿ, ತೂಕ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಲಿ. ಈ ಭಾನುವಾರ ಊಟವಾದ ಮೇಲೆ ಅಪ್ಪನನ್ನು ಒಮ್ಮೆ ಕೇಳಿ ನೋಡುತ್ತೀರಲ್ಲವೇ?