ಮಕ್ಕಳ ಮುಂದೆ ನಿಲ್ಲುವ ಮುನ್ನ

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಂದೆತಾಯಿಗಳೊಡನೆ ಬಂದು ಕೇಳುವ ಪ್ರಶ್ನೆಯೊಂದುಂಟು: "ಗುರುಗಳೇ, ಇವನನ್ನು ಮೇಷ್ಟ್ರ ಕೆಲಸಕ್ಕೆ ಓದಿಸಬಹುದೇ?" ಪ್ರಶ್ನೆಯ ಬೆನ್ನಿಗೇ ಕಾರಣಗಳೂ ಬರುತ್ತವೆ. ಹುಡುಗನಿಗೆ ಇಂಜಿನಿಯರಿಂಗ್ ಸೀಟು ದೊರೆಯಲಿಲ್ಲ; ಹುಡುಗಿಗೆ ಊರಿನ ಸಮೀಪದ ಕೆಲಸವೇ ಬೇಕು; ಬೇಸಗೆಯಲ್ಲಿ ರಜೆ ಸಿಗುತ್ತದೆ; ನೌಕರಿ ಖಾಯಮ್ಮಾದರೆ ಜೀವನಕ್ಕೆ ಭದ್ರತೆ. ಇವೆಲ್ಲ ಸಂಸಾರಸ್ಥರು ಯೋಚಿಸತಕ್ಕ ಮಾತುಗಳೇ; ಹೀನವೆಂದು ನಾನು ಭಾವಿಸುವುದಿಲ್ಲ. ವೃತ್ತಿಗಾಗಿ ಪಾಠ ಹೇಳುವವನನ್ನು 'ಉಪಾಧ್ಯಾಯ'ನೆಂದು ಕರೆದದ್ದು ನಮ್ಮ ಪ್ರಾಚೀನ ಸ್ಮೃತಿಗ್ರಂಥಗಳೇ. ಆದರೆ ಈ ಕಾರಣಗಳ ಸಾಲಿನಲ್ಲಿ ಮಗು ಎಲ್ಲಿದೆಯೆಂದು ಹುಡುಕಿದರೆ ಕಾಣಸಿಗುವುದಿಲ್ಲ.

ಇನ್ನು ಕೆಲವರು ಕಾರಣ ಕೇಳಿದೊಡನೆ "ನನಗೆ ಮಕ್ಕಳೆಂದರೆ ಬಹಳ ಪ್ರೀತಿ" ಎನ್ನುತ್ತಾರೆ. ಮಾತು ಮಧುರವಾದದ್ದು, ಆದರೆ ಇಷ್ಟರಿಂದಲೇ ನಿರ್ಧಾರಕ್ಕೆ ಬರುವುದು ತರವಲ್ಲ. ಹಬ್ಬದ ದಿನ ಹೊಸ ಬಟ್ಟೆ ತೊಟ್ಟು ಜಗಲಿಯಲ್ಲಿ ಆಡುವ ಮಗುವನ್ನು ಯಾರು ತಾನೆ ಪ್ರೀತಿಸರು? ಮಾರ್ಚ್ ತಿಂಗಳ ಸೆಕೆಯಲ್ಲಿ, ಊಟದ ಗಂಟೆಯ ನಂತರದ ಅವಧಿಯಲ್ಲಿ, ನಾಲ್ಕನೆಯ ಸಲ ಹೇಳಿದ ಲೆಕ್ಕವನ್ನು ಐದನೆಯ ಸಲವೂ ತಪ್ಪಾಗಿ ಮಾಡಿ, ಅಂಗಿಯ ತೋಳಿನಿಂದ ಮೂಗೊರೆಸಿಕೊಳ್ಳುತ್ತ ನಮ್ಮ ಮುಖವನ್ನೇ ನೋಡುತ್ತ ನಿಂತ ಮಗುವಿನ ಎದುರಿನಲ್ಲಿ ಆ ಪ್ರೀತಿಯ ನಿಜವಾದ ಪರೀಕ್ಷೆ ನಡೆಯುತ್ತದೆ. ಆ ಕ್ಷಣದಲ್ಲಿ ಮಗುವಿಗೆ ತಿಳಿಯದಿರುವುದು ನಮಗೆ ಅಪಮಾನವಾಗಿ ತೋರುತ್ತದೆಯೋ, ಬಿಡಿಸಬೇಕಾದ ಒಗಟಾಗಿ ತೋರುತ್ತದೆಯೋ? ಈ ವೃತ್ತಿ ತನಗೆ ತಕ್ಕುದೇ ಎಂದು ತಿಳಿಯಬಯಸುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಳಿದಾಸನ 'ಮಾಳವಿಕಾಗ್ನಿಮಿತ್ರ' ನಾಟಕದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲು ಎಂಬ ಕಲಹ ಹುಟ್ಟುತ್ತದೆ. ನ್ಯಾಯ ಹೇಳಲು ಕುಳಿತ ಪರಿವ್ರಾಜಿಕೆ ಕೌಶಿಕಿ, ವಿದ್ಯೆಯನ್ನು ತನ್ನಲ್ಲಿ ಬೆಳಗಿಸಿಕೊಂಡಿರುವ ಶಕ್ತಿ ಬೇರೆ, ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ಬೇರೆ ಎಂದು ವಿಂಗಡಿಸಿ, ಎರಡೂ ಉಳ್ಳವನಿಗೆ ಅಗ್ರಸ್ಥಾನ ಕೊಡುತ್ತಾಳೆ. ಆಚಾರ್ಯರ ಯೋಗ್ಯತೆಯನ್ನು ಶಿಷ್ಯರ ಪ್ರಯೋಗದಿಂದಲೇ ಅಳೆಯಬೇಕೆಂಬುದೂ ಅವಳ ತೀರ್ಮಾನ. ಈ ದಾಟಿಸುವ ಕ್ರಿಯೆಗೆ ಕವಿ ಬಳಸಿದ ಪದ 'ಸಂಕ್ರಾಂತಿ'. ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿಯಾದರೆ, ಗುರುವಿನಿಂದ ಶಿಷ್ಯನಿಗೆ ವಿದ್ಯೆ ದಾಟುವುದೂ ಸಂಕ್ರಾಂತಿಯೇ. ಹತ್ತು ಚಿನ್ನದ ಪದಕಗಳನ್ನು ಪಡೆದ ಪಂಡಿತನಲ್ಲಿ ಈ ಎರಡನೆಯ ಶಕ್ತಿ ಇಲ್ಲದಿರಬಹುದು. ಅದು ಅವನ ದೋಷವಲ್ಲ. ಆದರೆ ಅದನ್ನರಿಯದೆ ಅವನು ಒಂದನೆಯ ತರಗತಿಗೆ ಕಾಲಿಟ್ಟರೆ ಕಷ್ಟ ಅವನಿಗೂ ಉಂಟು, ಮಕ್ಕಳಿಗೂ ಉಂಟು.

ದಾಟಿಸುವುದೆಂದರೇನು? ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಂದ ಬರುವ ಅನೇಕ ಮಕ್ಕಳು "ಹಕ್ಕಿ ಹಾರಿತು" ಎಂಬುದನ್ನು "ಅಕ್ಕಿ ಆರಿತು" ಎಂದು ಓದುತ್ತಾರೆ. ತರಗತಿ ಗೊಳ್ಳೆಂದು ನಗುತ್ತದೆ. ಉಪಾಧ್ಯಾಯನೂ ಆ ನಗೆಯಲ್ಲಿ ಸೇರಿಕೊಂಡರೆ ಆ ಮಗು ಮತ್ತೆ ಬಾಯಿ ತೆರೆದು ಓದಲು ಎಷ್ಟು ತಿಂಗಳು ಬೇಕೋ ಹೇಳಬರುವುದಿಲ್ಲ. ಈ ಕೆಲಸಕ್ಕೆ ಹುಟ್ಟಿದವನಾದರೆ ಅವನ ಮನಸ್ಸು ಬೇರೆ ದಿಕ್ಕಿಗೆ ಓಡುತ್ತದೆ. ಹಳಗನ್ನಡದ 'ಪಕ್ಕಿ' ಕಾಲಾಂತರದಲ್ಲಿ 'ಹಕ್ಕಿ'ಯಾಯಿತು. ಈ ಮಗುವಿನ ಮನೆಮಾತಿನಲ್ಲಿ ಆ ಹಕಾರವೂ ಕಳಚಿ 'ಅಕ್ಕಿ'ಯಾಗಿದೆ. ಅದರ ನಾಲಗೆಗೂ ಒಂದು ನಿಯಮವುಂಟು, ಅದು ದಡ್ಡತನವಲ್ಲ ಎಂದು ಅವನು ಮೊದಲು ಗ್ರಹಿಸುತ್ತಾನೆ. ಬಳಿಕ ಮಗುವಿನ ಅಂಗೈಯನ್ನು ಅದರ ಬಾಯಿಯ ಮುಂದೆಯೇ ಹಿಡಿಸಿ, 'ಅ' ಎನ್ನುವಾಗ ತಟ್ಟದ ಉಸಿರು 'ಹ' ಎನ್ನುವಾಗ ತಟ್ಟುವುದನ್ನು ತೋರಿಸುತ್ತಾನೆ. ಎರಡು ನಿಮಿಷದ ಕೆಲಸ. ಮಗು ನಕ್ಕು ಮತ್ತೊಮ್ಮೆ ಓದುತ್ತದೆ. ಪಾಂಡಿತ್ಯವೂ ತಾಳ್ಮೆಯೂ ಒಂದೇ ಕೈಯಲ್ಲಿ ಕೆಲಸ ಮಾಡುವುದೆಂದರೆ ಇದು.

ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರು ಮೊದಲು ವಕೀಲರಾಗಿದ್ದವರು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮೂವತ್ತು ದಾಟಿದ ಮೇಲೆ ಈ ದಾರಿಗೆ ತಿರುಗಿದವರು ಅವರು. ಆದುದರಿಂದ ನಿರ್ಧಾರ ತಡವಾಯಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಅವರ 'ದಿವಾಸ್ವಪ್ನ' ಎಂಬ ಕಥಾರೂಪದ ಕೃತಿಯಲ್ಲಿ ಹೊಸ ಶಿಕ್ಷಕನೊಬ್ಬನು ನಾಲ್ಕನೆಯ ತರಗತಿಗೆ ಮೌನದ ಆಟವೊಂದನ್ನು ಯೋಜಿಸಿಕೊಂಡು ಹೋಗುತ್ತಾನೆ. ಮೊದಲನೆಯ ದಿನವೇ ಮಕ್ಕಳ ಗದ್ದಲದಲ್ಲಿ ಯೋಜನೆ ಮುಗ್ಗರಿಸುತ್ತದೆ. ಆತ ಮಕ್ಕಳನ್ನು ಹಳಿಯುವುದಿಲ್ಲ. ತನ್ನ ಯೋಜನೆಯನ್ನು ಬಿಟ್ಟು ಕಥೆಯ ದಾರಿ ಹಿಡಿಯುತ್ತಾನೆ, ಮಕ್ಕಳು ಅವನ ಸುತ್ತ ನೆರೆಯುತ್ತಾರೆ. ಸೋತಾಗ ಮೊದಲು ತನ್ನ ಉಪಾಯವನ್ನು ಶಂಕಿಸುವವನು ಈ ವೃತ್ತಿಗೆ ಯೋಗ್ಯ. ಮೊದಲು ಮಗುವನ್ನು ಶಂಕಿಸುವವನು ಇನ್ನೊಮ್ಮೆ ಯೋಚಿಸುವುದು ಒಳಿತು.

ಇಂದಿನ ಕಾನೂನೂ ಈ ವೃತ್ತಿಯ ಘನತೆಯನ್ನು ಕೆಲಮಟ್ಟಿಗೆ ಅರಿತಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತದ ನೆರವಿಲ್ಲದೆ ತರಗತಿಯನ್ನು ಹಿಡಿದಿಡಲು ತನ್ನಿಂದಾಗದು ಎನ್ನುವವನಿಗೆ ಅಲ್ಲಿಗೇ ಉತ್ತರ ದೊರೆಯಿತು. ಹಿಂದೆ ಟಿ.ಸಿ.ಎಚ್. ಎಂದೂ ಅನಂತರ ಡಿ.ಎಡ್. ಎಂದೂ ಹೆಸರಾಗಿದ್ದ, ಈಗ ಡಿ.ಎಲ್.ಎಡ್. ಎನಿಸಿಕೊಂಡಿರುವ ಶಿಕ್ಷಣ 2 ವರ್ಷಗಳದು. ಬಿ.ಎಡ್. ಪದವಿಯೊಂದೇ ಪ್ರಾಥಮಿಕ ತರಗತಿಗಳ ಶಿಕ್ಷಕ ಹುದ್ದೆಗೆ ಅರ್ಹತೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಎಳೆಯ ಮಕ್ಕಳಿಗೆ ಕಲಿಸುವುದು ದೊಡ್ಡವರಿಗೆ ಕಲಿಸುವ ವಿದ್ಯೆಯ ಕೆಳಮೆಟ್ಟಿಲಲ್ಲ, ಅದೇ ಒಂದು ಸ್ವತಂತ್ರ ಶಾಸ್ತ್ರ ಎಂಬ ತಿಳಿವಳಿಕೆ ಇದರಲ್ಲಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 30 ಪ್ರಶ್ನೆಗಳು ಮಗುವಿನ ವಿಕಾಸ ಹಾಗೂ ಬೋಧನಕ್ರಮಕ್ಕೆ ಮೀಸಲು. ಒಳ್ಳೆಯದೇ. ಆದರೆ ಐದನೆಯ ಸಲ ತಪ್ಪಿದ ಮಗುವಿನ ಮುಂದೆ ಅಭ್ಯರ್ಥಿಯ ಮುಖ ಹೇಗಿರುತ್ತದೆ ಎಂಬುದನ್ನು ಯಾವ ಪ್ರಶ್ನೆಪತ್ರಿಕೆ ಅಳೆದೀತು? ಅದನ್ನು ಅವನೇ ಅಳೆದುಕೊಳ್ಳಬೇಕು.

ಅಳೆದುಕೊಳ್ಳುವುದಕ್ಕೆ ಉಪಾಯವೂ ಇದೆ. ಅರ್ಜಿ ಹಾಕುವ ಮುನ್ನ ಒಂದು ತಿಂಗಳು ಊರಿನ ಶಾಲೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ, ಅಲ್ಲಿನ ಹಿರಿಯರ ಒಪ್ಪಿಗೆ ಪಡೆದು, ಅವರ ಕಣ್ಣೆದುರಿನಲ್ಲೇ, ಓದಿನಲ್ಲಿ ಹಿಂದುಳಿದ ನಾಲ್ಕೈದು ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳಿರಿ. ಜಾಣ ಮಕ್ಕಳನ್ನು ಆರಿಸಿಕೊಳ್ಳಬೇಡಿ. ಅವರು ಯಾರಿಂದಲಾದರೂ ಕಲಿಯುತ್ತಾರೆ. ಮೊದಲ ವಾರದ ಉತ್ಸಾಹವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೆಯ ವಾರದಲ್ಲಿ ಗಡಿಯಾರದ ಕಡೆಗೆ ಎಷ್ಟು ಸಲ ನೋಡಿದಿರಿ, ಮನೆಗೆ ಹೋಗುವಾಗ ಯಾವ ಮಗುವಿನ ಯಾವ ತೊಡಕು ತಲೆಯಲ್ಲಿ ಸುಳಿಯುತ್ತಿತ್ತು, ಮರುದಿನಕ್ಕೆ ಹೊಸ ಉಪಾಯವೇನಾದರೂ ಹೊಳೆಯಿತೇ, ಇವುಗಳನ್ನು ಗಮನಿಸಿ. ದಣಿವಾಯಿತೆಂದರೆ ಚಿಂತೆಯಿಲ್ಲ, 30 ವರ್ಷ ಕಲಿಸಿದವರಿಗೂ ದಣಿವಾಗುತ್ತದೆ. ಮಕ್ಕಳ ಮೇಲೆ ತಾತ್ಸಾರ ಹುಟ್ಟಿತೆಂದರೆ ಮಾತ್ರ ಅದನ್ನು ಮುಚ್ಚಿಟ್ಟುಕೊಳ್ಳಬಾರದು.

ಈ ಪರೀಕ್ಷೆಯಲ್ಲಿ 'ಇದು ನನ್ನ ಕೆಲಸವಲ್ಲ' ಎಂದು ಕಂಡುಕೊಂಡವನು ಸೋತವನಲ್ಲ. ಅವನು ಗ್ರಂಥ ಸಂಪಾದನೆ ಮಾಡಲಿ, ಬೇಸಾಯ ಮಾಡಲಿ, ಕಚೇರಿಯಲ್ಲಿ ದಕ್ಷನಾಗಿ ದುಡಿಯಲಿ. ಒಂದು ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ನೀರಸ ಬೋಧನೆಯಿಂದ ಉಳಿಸಿದ ಪುಣ್ಯ ಅವನದು. ತಂದೆತಾಯಿಗಳು ಈ ಮಾತನ್ನು ಅವಮಾನವೆಂದು ಭಾವಿಸಬಾರದೆಂದು ವಿನಂತಿಸುತ್ತೇನೆ.

ಇನ್ನು ಈ ಸಂಪುಟವನ್ನು ಓದುವ ಆಡಳಿತ ಮಂಡಳಿಗಳ ಹಿರಿಯರಿಗೂ ದಾನಿಗಳಿಗೂ ಒಂದು ಅರಿಕೆ. ವೃತ್ತಿಗೆ ತಕ್ಕವನೆಂದು ತನ್ನನ್ನು ತಾನು ಪರೀಕ್ಷಿಸಿಕೊಂಡು ಬಂದ ತರುಣನನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು. ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಎಂಬುದು ಕಾಯಿದೆಯ ಪ್ರಮಾಣ. ಅರುವತ್ತು ಮಕ್ಕಳನ್ನು ಒಂದೇ ಕೊಠಡಿಯಲ್ಲಿ ತುಂಬಿದರೆ ಅಂಗೈಗೆ ಉಸಿರು ತಾಗಿಸಿ ತೋರಿಸಲು ಯಾರಿಗೆ ಬಿಡುವುಂಟು? ಅನುದಾನವಿಲ್ಲದ ಶಾಲೆಯಲ್ಲಿ ಸಂಬಳವು ಮನೆಯ ಬಾಡಿಗೆಗೂ ಸಾಲದಾದರೆ, ಎಷ್ಟೇ ಒಲವುಳ್ಳವನಾದರೂ ಮೂರು ವರ್ಷಗಳಲ್ಲಿ ಬೇರೆ ಕೆಲಸ ಹುಡುಕಿಕೊಳ್ಳುವುದು ಸಹಜ. ಆಗ 'ಇಂದಿನವರಿಗೆ ಸೇವಾಭಾವವಿಲ್ಲ' ಎಂದು ದೂರುವ ಅಧಿಕಾರ ನಮಗಿರುವುದಿಲ್ಲ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಉಳಿಯಲಿ, ಅದು ನ್ಯಾಯವೇ. ಒಬ್ಬ ಒಳ್ಳೆಯ ಶಿಕ್ಷಕನ ಸಂಬಳಕ್ಕೆ ದತ್ತಿಯಿಟ್ಟವರ ಹೆಸರು ಯಾವ ಗೋಡೆಯ ಮೇಲೂ ಕಾಣಿಸದಿರಬಹುದು. ಆದರೆ ನಿನ್ನೆ "ಅಕ್ಕಿ ಆರಿತು" ಎಂದಿದ್ದ ಮಗು ಇಂದು ಎದ್ದುನಿಂತು, ತರಗತಿಯೆಲ್ಲ ಕೇಳುವಂತೆ "ಹಕ್ಕಿ ಹಾರಿತು" ಎಂದು ಓದುವಾಗ ಆ ದಾನ ಸಾರ್ಥಕವಾಗುತ್ತದೆ.