ಕೈಯಲ್ಲಿ ಕಾಸಿಲ್ಲದೆ ಕೊಂಡ ಮನೆ

ಉಳಿತಾಯವಿಲ್ಲವೆಂದು ಕೊರಗಬೇಡಿ, ಮುಂಗಡವಿಲ್ಲದೆಯೂ ಸ್ವಂತ ಮನೆ ನಿಮ್ಮದಾಗುತ್ತದೆ. ಈ ಧಾಟಿಯ ಜಾಹೀರಾತುಗಳು ಈಗ ಬಸ್ಸಿನ ಬೆನ್ನ ಮೇಲೂ ಇವೆ, ಕೈಯಲ್ಲಿರುವ ಫೋನಿನೊಳಗೂ ಇವೆ. ಚಿತ್ರದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ಹೆಂಡತಿಯ ಕೈಯಲ್ಲಿ ಬೀಗದ ಕೈ, ಕೊರಳಲ್ಲಿ ಮಾತ್ರ ಒಂದು ತೆಳು ಕರಿಮಣಿ. ಚಿತ್ರ ತೆಗೆದವರಿಗೆ ಗೊತ್ತಿತ್ತೋ ಇಲ್ಲವೋ, ಉಳಿದ ಸರಗಳು ಎಲ್ಲಿ ಹೋದವೆಂದು ನಮಗಂತೂ ಗೊತ್ತಿದೆ.

ಕೂಡಿಟ್ಟ ಹಣವಿಲ್ಲದೆ ಕೊಂಡ ಮನೆ ಎಂಬುದು ಈ ನಾಡಿನಲ್ಲಿ ಎಲ್ಲೂ ಇಲ್ಲ. ಯಾರೋ ಕೂಡಿಟ್ಟಿರುತ್ತಾರೆ. ಕೂಡಿಟ್ಟವರು ಯಾರು, ಕ್ರಯಪತ್ರದಲ್ಲಿ ಹೆಸರು ಬರೆಸಿಕೊಂಡವರು ಯಾರು ಎಂಬುದಷ್ಟೇ ನನ್ನ ತಕರಾರು.

ಮೊದಲು ಲೆಕ್ಕ ಮಾಡೋಣ. ಮೇಷ್ಟರಗಿತ್ತಿ ಲೆಕ್ಕ ಬಿಡುವುದುಂಟೇ? ಮನೆಯ ಪೂರ್ತಿ ಬೆಲೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕು ಬಿಡುವುದಿಲ್ಲ. 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ಶೇಕಡ 90ರ ತನಕ, 30ರಿಂದ 75 ಲಕ್ಷದವರೆಗಾದರೆ ಶೇಕಡ 80, ಅದಕ್ಕೂ ಮೇಲೆ ಶೇಕಡ 75. ಈ ಬೆಲೆಯಲ್ಲಿ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಸೇರಿಸುವಂತಿಲ್ಲ ಎಂದು 2012ರಲ್ಲೇ ಹೇಳಿಬಿಟ್ಟಿದೆ. ಹತ್ತು ಲಕ್ಷದೊಳಗಿನ ಮನೆಗೆ 2015ರಲ್ಲಿ ರಿಯಾಯಿತಿ ಕೊಟ್ಟಿತು, ಸರಿ. ಆದರೆ ಹತ್ತು ಲಕ್ಷದೊಳಗೆ ಮನೆ ಸಿಗುವ ಊರು ಯಾವುದೆಂದು ನನಗೂ ಹೇಳಿ.

ಜಿಲ್ಲಾ ಕೇಂದ್ರವೊಂದರಲ್ಲಿ 40 ಲಕ್ಷದ ಒಂದು ಸಾಧಾರಣ ಮನೆ ಎಂದಿಟ್ಟುಕೊಳ್ಳಿ. ಬ್ಯಾಂಕು ಹೆಚ್ಚೆಂದರೆ 32 ಲಕ್ಷ ಕೊಡುತ್ತದೆ. 8 ಲಕ್ಷ ನಮ್ಮ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಗೆ ಶೇಕಡ 1ರಿಂದ 2ಕ್ಕೆ ಏರಿಸಿದ್ದಾರೆ. ಎಲ್ಲ ಸೇರಿ ಇನ್ನು 3 ಲಕ್ಷ. ಒಟ್ಟು 11 ಲಕ್ಷ. ವಕೀಲರ ಫೀಸು, ಬ್ರೋಕರ್ ಕಮಿಷನ್ನು, ಗೃಹಪ್ರವೇಶದ ಊಟ ಇದರಲ್ಲಿ ಬಂದಿಲ್ಲ. ಮಾರುವಾತ ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೇಳಿದರಂತೂ, ಆ ನಗದಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ನಮ್ಮ ಊರುಗಳಲ್ಲಿ ಹಾಗೆ ಕೇಳದ ಮಾರಾಟಗಾರರನ್ನು ದುರ್ಬೀನು ಹಾಕಿ ಹುಡುಕಬೇಕು.

ಈ 11 ಲಕ್ಷ ಎಲ್ಲಿಂದ ಬರುತ್ತದೆ? ಒಬ್ಬರು ಚೀಟಿ ಕೂಗುತ್ತಾರೆ. ಒಬ್ಬರು ಪಿ.ಎಫ್. ತೆಗೆಯುತ್ತಾರೆ, ಅಂದರೆ ಮುಪ್ಪಿನ ಅನ್ನವನ್ನು ಮುಂಚೆಯೇ ಬಡಿಸಿಕೊಳ್ಳುತ್ತಾರೆ. ಇನ್ನೊಬ್ಬರು ಪರ್ಸನಲ್ ಲೋನ್ ಮಾಡುತ್ತಾರೆ. 32 ಲಕ್ಷಕ್ಕೆ ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು 27,770 ರೂಪಾಯಿ. ಮುಂಗಡಕ್ಕೆಂದು 8 ಲಕ್ಷದ ಪರ್ಸನಲ್ ಲೋನನ್ನು 14ರ ಬಡ್ಡಿಯಲ್ಲಿ 5 ವರ್ಷಕ್ಕೆ ತೆಗೆದರೆ ಅದರ ಕಂತೇ 18,600. ಎರಡೂ ಸೇರಿ ತಿಂಗಳಿಗೆ 46 ಸಾವಿರ ದಾಟಿತು. ಸಂಬಳ ಎಷ್ಟಿದ್ದರೆ ಇದು ನಡೆದೀತು ಎಂದು ನೀವೇ ಯೋಚಿಸಿ. ಇನ್ನು ಬಿಲ್ಡರುಗಳ ಔದಾರ್ಯವೊಂದಿದೆ: ಮನೆ ಕೈಗೆ ಬರುವ ತನಕ ಕಂತು ನಾವೇ ಕಟ್ಟುತ್ತೇವೆ, ನೀವು ಸಹಿ ಹಾಕಿದರೆ ಸಾಕು! ಅರ್ಧಕ್ಕೆ ಬಿಲ್ಡರ್ ಕಂತು ನಿಲ್ಲಿಸಿದ. ಸಾಲ ಸಹಿ ಹಾಕಿದವನ ಹೆಸರಿನಲ್ಲಿತ್ತು. ಬ್ಯಾಂಕು ಅವನ ಬಾಗಿಲಿಗೆ ಬಂತು. ದೆಹಲಿಯ ಸುತ್ತಮುತ್ತ ಹೀಗೆ ಸಿಕ್ಕಿಬಿದ್ದವರ ಗೋಳು ಕೇಳಿ ಸುಪ್ರೀಂ ಕೋರ್ಟು 2025ರಲ್ಲಿ ಬಿಲ್ಡರು, ಬ್ಯಾಂಕುಗಳ ಕೂಡಾವಳಿಯ ಬಗ್ಗೆ ಸಿಬಿಐ ತನಿಖೆಗೇ ಆದೇಶ ಕೊಡಬೇಕಾಯಿತು.

ಇವೆಲ್ಲ ಇರಲಿ. ನಮ್ಮ ಊರುಗಳಲ್ಲಿ ಈ ಎಲ್ಲ ದಾರಿಗಳಿಗಿಂತ ಹತ್ತಿರದ ದಾರಿ ಒಂದಿದೆ. ಅದು ಮಲಗುವ ಕೋಣೆಯ ಬೀರುವಿನ ತನಕ ಹೋಗುತ್ತದೆ.

ಆ ಮಾತು ಹೇಗೆ ಶುರುವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ ಶುರುವಾಗುತ್ತದೆ. "ಹೇಗೂ ಲಾಕರಿನಲ್ಲಿ ಕೊಳೆಯುತ್ತಿದೆ, ವರ್ಷಕ್ಕೊಮ್ಮೆ ಮದುವೆಗೆ ಹಾಕಿಕೊಳ್ಳುತ್ತೀಯ. ಎರಡು ವರ್ಷ ಗಿರವಿ ಇಟ್ಟರೆ ಆಯಿತು, ಬಿಡಿಸಿಕೊಡುತ್ತೇನೆ." ಅವಳು ಒಪ್ಪುತ್ತಾಳೆ. ಯಾರೂ ಬಲವಂತ ಮಾಡುವುದಿಲ್ಲ. ಅವಳಿಗೂ ಬಾಡಿಗೆ ಮನೆ ಸಾಕಾಗಿರುತ್ತದೆ. ನೀರಿನ ವಿಷಯಕ್ಕೆ ಮಾಲೀಕರ ಮಾತು ಕೇಳಿ, ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಬೇಡಿ ರೋಸಿಹೋಗಿರುತ್ತಾಳೆ. ಮರುದಿನ ಅವಲಕ್ಕಿ ಸರ, ನಾಲ್ಕು ಬಳೆ, ತವರಿನಿಂದ ಬಾಣಂತನಕ್ಕೆ ಕೊಟ್ಟ ಜುಮುಕಿ, ಎಲ್ಲವೂ ಒಂದು ಹಳೆಯ ಸ್ವೀಟ್ ಬಾಕ್ಸಿನಲ್ಲಿ ಕುಳಿತು ಬ್ಯಾಂಕಿಗೆ ಹೋಗುತ್ತವೆ. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ತೂಕ ಹೇಳುತ್ತಾರೆ. ಗೃಹಸಾಲದ ಕಂತು, ಒಡವೆ ಸಾಲದ ಬಡ್ಡಿ ಎರಡನ್ನೂ ಕಟ್ಟಲಾಗದೆ ಎರಡನೆಯ ವರ್ಷಕ್ಕೆ ಮಾರಿಬಿಡೋಣ ಎಂಬ ತೀರ್ಮಾನವಾಗುತ್ತದೆ. ಆ ತೀರ್ಮಾನಕ್ಕೂ ಅವಳು ತಲೆಯಾಡಿಸುತ್ತಾಳೆ.

ಗೃಹಪ್ರವೇಶದ ದಿನ ನಾವೆಲ್ಲ ಹೋಗುತ್ತೇವೆ. ಮನೆಯ ಯಜಮಾನರು ಹೊಸ ಪಂಚೆ ಉಟ್ಟು, ಕೊಠಡಿ ಕೊಠಡಿ ತೋರಿಸುತ್ತಾ ಹೇಳುತ್ತಾರೆ: "ನನ್ನ ಕೈಯಲ್ಲಿ ಹತ್ತು ಸಾವಿರ ಉಳಿತಾಯ ಇರಲಿಲ್ಲ ಮೇಡಂ, ಆದರೂ ಧೈರ್ಯ ಮಾಡಿ ಕೊಂಡುಬಿಟ್ಟೆ." ಅಡುಗೆಮನೆಯಲ್ಲಿ ಪಾಯಸ ಬಡಿಸುತ್ತಿರುವವಳ ಕೈಯಲ್ಲಿ ಗಾಜಿನ ಬಳೆ. ಇಂಥ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಕೇಳಿದಾಗಲೆಲ್ಲ ಪಾಯಸ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಉಳಿತಾಯ ಇರಲಿಲ್ಲವೇ? ಆ ಅವಲಕ್ಕಿ ಸರ ಏನಾಗಿತ್ತು? ಅವಳ ಅಪ್ಪ ಬೆಲ್ಲದ ದುಡ್ಡಿನಲ್ಲೋ ಅಡಕೆಯ ದುಡ್ಡಿನಲ್ಲೋ ವರ್ಷಕ್ಕೆ ಎರಡು ಗ್ರಾಂ, ನಾಲ್ಕು ಗ್ರಾಂ ಎಂದು ಸೇರಿಸಿದ್ದು. ಅವಳ ಅಮ್ಮ ತನ್ನದೇ ಸರ ಕರಗಿಸಿ ಮಗಳಿಗೆ ಮಾಡಿಸಿದ್ದು. ಎರಡು ತಲೆಮಾರಿನ ಉಳಿತಾಯ ಅದು. ಹೆಂಗಸಿನ ಮೈಮೇಲೆ ಇತ್ತೆಂಬ ಒಂದೇ ಕಾರಣಕ್ಕೆ ಅದನ್ನು ಶೋಕಿ ಎನ್ನುತ್ತಾರೆ. ಗಂಡಸಿನ ಪಾಸ್‌ಬುಕ್ಕಿನಲ್ಲಿ ಇದ್ದಿದ್ದರೆ ಬಂಡವಾಳ ಎನ್ನುತ್ತಿದ್ದರು.

ಇದಕ್ಕಿಂತ ಹೆಚ್ಚಿನ ಅನ್ಯಾಯ ಇನ್ನೊಂದಿದೆ, ಅದು ಸದ್ದಿಲ್ಲದೆ ನಡೆಯುತ್ತದೆ. ಗಂಡನ ಸಂಬಳವೊಂದಕ್ಕೆ ಅಷ್ಟು ಸಾಲ ಸಿಗುವುದಿಲ್ಲವೆಂದು ದುಡಿಯುವ ಹೆಂಡತಿಯ ಸಂಬಳದ ಚೀಟಿಯನ್ನೂ ಸೇರಿಸುತ್ತಾರೆ. ಅವಳನ್ನು ಸಹಸಾಲಗಾರಳೆಂದು ಕರೆದು ಹತ್ತಾರು ಹಾಳೆಗಳ ಮೇಲೆ ಸಹಿ ಹಾಕಿಸುತ್ತಾರೆ. ಅನೇಕರು ಇದನ್ನು ಸಹಮಾಲೀಕತ್ವವೆಂದೇ ತಿಳಿದಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು, ವಿಜ್ಞಾನದ ಪದವೀಧರೆ, "ನಾನೂ ಸಹಿ ಹಾಕಿದ್ದೇನೆ, ಮನೆ ಇಬ್ಬರ ಹೆಸರಲ್ಲೂ ಇದೆ" ಎಂದು ಹನ್ನೊಂದು ವರ್ಷ ನಂಬಿದ್ದರು. ಕ್ರಯಪತ್ರದ ನಕಲು ತೆಗೆಸಿ ನೋಡಿದರೆ ಅವರ ಹೆಸರು ಎಲ್ಲಿಯೂ ಇಲ್ಲ. ಮನೆಗೆ ಮಾಲೀಕರಾದವರೆಲ್ಲ ಸಾಲಕ್ಕೂ ಸಹಿ ಹಾಕಬೇಕೆಂದು ಬ್ಯಾಂಕು ಪಟ್ಟು ಹಿಡಿಯುತ್ತದೆ. ಸಾಲಕ್ಕೆ ಸಹಿ ಹಾಕಿದವರೆಲ್ಲ ಮಾಲೀಕರಾಗಬೇಕೆಂದು ಹೇಳುವುದಿಲ್ಲ. ಅಂದರೆ ಸಾಲದಲ್ಲಿ ಪೂರ್ತಿ ಪಾಲು, ಮನೆಯಲ್ಲಿ ಸೊನ್ನೆ. ಗಂಡ ಕಂತು ತಪ್ಪಿಸಿದರೆ ನೋಟೀಸು ಅವಳಿಗೂ ಬರುತ್ತದೆ, ಸಿಬಿಲ್ ಅಂಕ ಅವಳದೂ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ? ಸ್ತ್ರೀಧನ ಹೆಣ್ಣಿನದೇ, ಗಂಡ ಬರೀ ಕಾವಲುಗಾರ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1985ರಲ್ಲಿ. ಅದೇ ಮಾತನ್ನು 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು: ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಅವನದು. ಆ ಕೇರಳದ ಹೆಣ್ಣುಮಗಳ 89 ಪವನಿನ ಒಡವೆಯನ್ನು ಮದುವೆಯ ಮೊದಲ ರಾತ್ರಿಯೇ ಗಂಡ ತೆಗೆದುಕೊಂಡು, ಜೋಪಾನ ಮಾಡಲೆಂದು ತಾಯಿಯ ಕೈಗೆ ಕೊಟ್ಟಿದ್ದನಂತೆ. ಮದುವೆಯಾದದ್ದು 2003ರಲ್ಲಿ. 25 ಲಕ್ಷ ಕೊಡಬೇಕೆಂಬ ತೀರ್ಪು ಸಿಕ್ಕಿದ್ದು ಇಪ್ಪತ್ತೊಂದು ವರ್ಷದ ಮೇಲೆ. ಮನೆವಾರ್ತೆ ನೋಡಿಕೊಂಡ ಹೆಂಡತಿಗೆ ಗಂಡನ ದುಡಿಮೆಯಿಂದ ಕೊಂಡ ಆಸ್ತಿಯಲ್ಲಿ ಅರ್ಧ ಪಾಲಿದೆ ಎಂದು ಮದ್ರಾಸ್ ಹೈಕೋರ್ಟು 2023ರಲ್ಲಿ ಹೇಳಿತು. ಒಳ್ಳೆಯ ತೀರ್ಪೇ. ಆದರೆ ತೀರ್ಪು ಪಡೆಯಲು ಕೋರ್ಟಿಗೆ ಹೋಗಬೇಕು, ಹೋಗಲು ಹಣ ಬೇಕು, ಅವಳ ಹಣ ಮನೆಯ ಗೋಡೆಯೊಳಗೆ ಹೂತುಹೋಗಿದೆ.

ಜಗಳ, ಕೋರ್ಟು ಬೇಡ, ಸಂಸಾರ ಚೆನ್ನಾಗಿಯೇ ಇದೆ ಎಂದುಕೊಳ್ಳೋಣ. ಗಂಡ ಉಯಿಲು ಬರೆಯದೆ ತೀರಿಕೊಂಡ. ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವನ ಹೆಸರಿನ ಮನೆ ಹೆಂಡತಿಗೆ, ಮಕ್ಕಳಿಗೆ, ಅವನ ತಾಯಿಗೆ ಸಮನಾಗಿ ಹಂಚಿಹೋಗುತ್ತದೆ. ಇಬ್ಬರು ಮಕ್ಕಳಿದ್ದು ಅತ್ತೆಯೂ ಇದ್ದರೆ ಅವಳಿಗೆ ನಾಲ್ಕರಲ್ಲಿ ಒಂದು ಪಾಲು. ಅತ್ತೆಗೆ ಪಾಲು ಬರಬಾರದೆಂದು ನಾನು ಹೇಳುತ್ತಿಲ್ಲ; ಮಗನನ್ನು ಕಳೆದುಕೊಂಡ ಮುದುಕಿಗೂ ನೆಲೆ ಬೇಕು. ಆದರೆ ಸೊಸೆಯ ತವರಿನ ಚಿನ್ನವೂ ಆ ನಾಲ್ಕು ಪಾಲಿನೊಳಗೆ ಕರಗಿಹೋಯಿತಲ್ಲ, ಅದನ್ನು ಯಾವ ಕಾಯಿದೆ ಬೇರ್ಪಡಿಸಿ ಕೊಡುತ್ತದೆ? ಅಂಗಡಿಯ ರಸೀದಿ ಕೂಡ ಅವಳ ಬಳಿ ಇರುವುದಿಲ್ಲ.

ಹೀಗೆಂದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ. "ಗಂಡಹೆಂಡಿರ ನಡುವೆ ಲೆಕ್ಕವೇಕೆ? ನಂಬಿಕೆ ಇಲ್ಲವೇ?" ಈ ಪ್ರಶ್ನೆ ಹೆಂಗಸರಿಗಷ್ಟೇ ಏಕೆ ಬರುತ್ತದೋ! ಗಂಡಸರು ಅಣ್ಣತಮ್ಮಂದಿರ ಜೊತೆ ಒಂದು ಗುಂಟೆ ಸೈಟಿಗೆ ವಿಭಾಗಪತ್ರ ನೋಂದಾಯಿಸುತ್ತಾರೆ. ಅಲ್ಲಿ ನಂಬಿಕೆಯ ಮಾತಿಲ್ಲ. ಬ್ಯಾಂಕಿನವರು ಮೂಲಪತ್ರಗಳನ್ನೆಲ್ಲ ಇಸಿದುಕೊಂಡು ಬೀರುವಿನಲ್ಲಿಡುತ್ತಾರೆ. ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಮ್ಯಾನೇಜರನ್ನು ಯಾವ ಯಜಮಾನರೂ ಕೇಳಿದ್ದಿಲ್ಲ. ಶೇಕಡ 80 ಕೊಟ್ಟವರಿಗೆ ಕಾಗದ, ಉಳಿದ 20 ಕೊಟ್ಟವಳಿಗೆ ನಂಬಿಕೆ. ಇದು ಯಾವ ನ್ಯಾಯ?

ಇನ್ನೊಂದು ಕಡೆಯಿಂದ ಹಿರಿಯರು ಗದರುತ್ತಾರೆ: ಹಾಸಿಗೆ ಇದ್ದಷ್ಟು ಕಾಲು ಚಾಚಿ, ಕೂಡಿಟ್ಟು ಆಮೇಲೆ ಮನೆ ಕೊಳ್ಳಿ. ಈ ಉಪದೇಶವೂ ನನಗೆ ಒಪ್ಪಿಗೆಯಿಲ್ಲ. ಇಂದಿನ ಹುಡುಗ ಹುಡುಗಿಯರು ಬಾಡಿಗೆ ಕಟ್ಟಿ, ಮಗುವಿನ ಶಾಲೆಯ ಫೀಸು ಕಟ್ಟಿ, ಹನ್ನೊಂದು ಲಕ್ಷ ಕೂಡಿಡುವ ಹೊತ್ತಿಗೆ ಆ ಮನೆಯ ಬೆಲೆ ಇನ್ನೆಲ್ಲಿಗೋ ಹೋಗಿರುತ್ತದೆ. ಸಾಲ ಮಾಡಿ ಮನೆ ಕೊಳ್ಳುವುದು ತಪ್ಪಲ್ಲ. ಹೆಂಡತಿಯ ಒಡವೆ ಹಾಕುವುದೂ ತಪ್ಪಲ್ಲ. ತಿಂಗಳಿಗೆ 18 ಸಾವಿರದ ಪರ್ಸನಲ್ ಲೋನಿಗಿಂತ ಅದು ಎಷ್ಟೋ ಮೇಲು. ಹಾಕಿದ್ದನ್ನು ಹಾಕಿದೆ ಎಂದು ಬರೆಯಿರಿ ಎನ್ನುತ್ತಿದ್ದೇನೆ, ಅಷ್ಟೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. 2015ರಲ್ಲಿ ಶುರುವಾದ ನಗರಗಳ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಹೆಂಗಸಿನ ಹೆಸರಿನಲ್ಲಿ, ಇಲ್ಲವೇ ಜಂಟಿ ಹೆಸರಿನಲ್ಲಿ ಇರಬೇಕೆಂದು ನಿಯಮ ಮಾಡಿದರು. ಬಡವರ ಮನೆಗೆ ಬೇಕಾದ ವಿವೇಕ ಮಧ್ಯಮ ವರ್ಗದ ಮನೆಗೆ ಬೇಡವೇ? ಪಕ್ಕದ ಮಹಾರಾಷ್ಟ್ರದಲ್ಲಿ 2021ರಿಂದ ಹೆಂಗಸು ತನ್ನ ಹೆಸರಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡ 1 ರಿಯಾಯಿತಿ ಇದೆ. ನಮ್ಮ ಕರ್ನಾಟಕದಲ್ಲಿ ಅಂಥದ್ದೇನೂ ಇಲ್ಲ. ನೋಂದಣಿ ಶುಲ್ಕ ಇಮ್ಮಡಿ ಮಾಡುವಾಗಲೂ ಯಾರಿಗೂ ನೆನಪಾಗಲಿಲ್ಲ. ಮಹಿಳಾ ಸಂಘಗಳು ಮಾರ್ಚ್ ಎಂಟರಂದು ರಂಗೋಲಿ ಸ್ಪರ್ಧೆ ನಡೆಸುವ ಬದಲು ಇದನ್ನೊಮ್ಮೆ ಕೇಳಬಹುದಿತ್ತು.

ಅದು ಬರುವ ತನಕ ನಾವು ಮಾಡಬಹುದಾದದ್ದು ಉಂಟು. ಒಡವೆ ಬ್ಯಾಂಕಿಗೆ ಹೋಗುವ ಮುನ್ನ ತೂಕದ ಚೀಟಿ, ಅಡವಿನ ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ. ಒಡವೆಯ ಸಾಲ ನಿಮ್ಮ ಖಾತೆಗೇ ಬಂದು, ಅಲ್ಲಿಂದ ಮಾರುವವರಿಗೆ ಚೆಕ್ಕಿನಲ್ಲಿ ಹೋಗಲಿ. ಇಬ್ಬರ ಹೆಸರಿನಲ್ಲಿ ಕೊಂಡ ಆಸ್ತಿಯಲ್ಲಿ ಯಾರು ಎಷ್ಟು ಹಾಕಿದರೋ ಅಷ್ಟು ಪಾಲು, ದಾಖಲೆ ಇಲ್ಲದಿದ್ದರೆ ಸಮಪಾಲು ಎಂದೇ ಲೆಕ್ಕ ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯಿದೆ. ಆದರೆ ಹೆಸರೇ ಇಲ್ಲದವಳಿಗೆ ಆ ಕಾಯಿದೆಯಿಂದ ಏನೂ ದಕ್ಕದು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಕ್ರಯಪತ್ರದ ಕರಡು ಕೇಳಿ ಓದಿ. ಕೊಳ್ಳುವವರು ಎಂದಿರುವ ಕಡೆ ಒಂದು ಹೆಸರಿದೆಯೋ ಎರಡಿದೆಯೋ ನೋಡಿ.

"ಈಗ ಗಡಿಬಿಡಿ, ಆಮೇಲೆ ಸೇರಿಸೋಣ" ಎಂದರೆ ಒಪ್ಪಬೇಡಿ. ಆಮೇಲೆ ಸೇರಿಸಬೇಕಾದರೆ ದಾನಪತ್ರ ಬೇಕು, ಅದಕ್ಕೆ ಇನ್ನೊಂದು ನೋಂದಣಿ ಬೇಕು, ಸಾಲ ತೀರುವ ತನಕ ಬ್ಯಾಂಕಿನ ಒಪ್ಪಿಗೆಯೂ ಬೇಕು. ನೋಂದಣಿಯ ದಿನವೇ ಆದರೆ ಇಷ್ಟೆಲ್ಲ ಇಲ್ಲ. ಗಂಡನ ಪಕ್ಕದಲ್ಲಿ ಕುಳಿತು ಫೋಟೋ ತೆಗೆಸಿಕೊಂಡು, ಹೆಬ್ಬೆರಳು ಒತ್ತಿ, ಸಹಿ ಹಾಕಿ ಬಂದರಾಯಿತು. ಕರಡಿನಲ್ಲಿ ಎರಡನೆಯ ಹೆಸರೊಂದನ್ನು ಟೈಪು ಮಾಡಲು ಪತ್ರಬರಹಗಾರರು ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.